ಆರ್ಗ್ಯಾನಿಕ್ ರಿವಿಷನ್‌ಗೆ ಚಾರ್ಟ್, ಚೀಟಿ, ಖಾಲಿ ಹಾಳೆ: ಯಾವುದು ವಾಸಿ?

ದ್ವಿತೀಯ ಪಿಯು ಕೆಮಿಸ್ಟ್ರಿಯಲ್ಲಿ ಆರ್ಗ್ಯಾನಿಕ್ ಅಂದರೆ ಹ್ಯಾಲೋಆಲ್ಕೇನ್‌ನಿಂದ ಬಯೋಮಾಲಿಕ್ಯೂಲ್ಸ್‌ವರೆಗೆ ಐದು ಪಾಠ. ಗುಬ್ಬಿಯಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಾ ಇದನ್ನು ಮೂರು ರೀತಿಯಲ್ಲಿ ಓದಿ ನೋಡಿದ್ದೇನೆ.

ಎಲ್ಲರೂ ಮೊದಲು ಮಾಡುವುದು ಗೋಡೆ ಚಾರ್ಟ್. ನಡುವೆ ಬೆಂಜೀನ್, ಸುತ್ತ ಬಾಣಗಳು. ಬರೆಯುವಾಗ ಪಾಠಗಳ ನಂಟು ಚೆನ್ನಾಗಿ ಕಾಣುತ್ತದೆ. ಆದರೆ ಅಂಟಿಸಿದ ಸ್ವಲ್ಪ ದಿನಕ್ಕೆ ಅದು ಕ್ಯಾಲೆಂಡರ್ ಥರ ಆಗಿಬಿಡುತ್ತದೆ. ನೋಡಿದಾಗೆಲ್ಲ ಗೊತ್ತು ಅನಿಸುತ್ತದೆ, ಪೆನ್ನು ಹಿಡಿದರೆ ರೀಏಜೆಂಟ್, ಅಂದರೆ ರಿಯಾಕ್ಷನ್‌ಗೆ ಹಾಕಬೇಕಾದ ರಾಸಾಯನಿಕ, ನೆನಪಾಗಲ್ಲ.

ಚೀಟಿ ಇದಕ್ಕಿಂತ ವಾಸಿ. ಮುಂದೆ ಹೆಸರು, ಹಿಂದೆ ರಿಯಾಕ್ಷನ್. ಬಸ್ಸಿನಲ್ಲಿ ಸೀಟ್ ಸಿಗದಿದ್ದರೂ ನಿಂತೇ ಓದಬಹುದು. ಒಂದರಂತೆ ಒಂದಿರುವ ನೇಮ್ ರಿಯಾಕ್ಷನ್‌ಗಳನ್ನು (ವಿಜ್ಞಾನಿಗಳ ಹೆಸರಿನ ರಿಯಾಕ್ಷನ್‌ಗಳು) ಒಂದೇ ಚೀಟಿಯಲ್ಲಿ ಬರೆದುಕೊಳ್ಳಿ. ಕ್ಲೆಮೆನ್ಸನ್, ವುಲ್ಫ್-ಕಿಷ್ನರ್ ಎರಡೂ ಕಾರ್ಬೊನಿಲ್ (ಸಿ=ಒ) ಗುಂಪನ್ನು ಸಿಎಚ್2 ಮಾಡುತ್ತವೆ. ಮೊದಲನೆಯದಕ್ಕೆ ಜಿಂಕ್ ಅಮಾಲ್ಗಮ್ ಮತ್ತು ಗಾಢ ಎಚ್‌ಸಿಎಲ್. ಎರಡನೆಯದಕ್ಕೆ ಹೈಡ್ರಜೀನ್, ಆಮೇಲೆ ಎಥಿಲೀನ್ ಗ್ಲೈಕಾಲ್‌ನಲ್ಲಿ ಕೆಒಎಚ್ ಹಾಕಿ ಕಾಯಿಸಬೇಕು. ಫೀನಾಲ್‌ನಿಂದ ಕೋಲ್ಬೆಯಲ್ಲಿ ಸ್ಯಾಲಿಸಿಲಿಕ್ ಆಮ್ಲ, ರೈಮರ್-ಟೀಮನ್‌ನಲ್ಲಿ ಸ್ಯಾಲಿಸಿಲಾಲ್ಡಿಹೈಡ್. ಅಕ್ಕಪಕ್ಕ ಇದ್ದರೆ ವ್ಯತ್ಯಾಸ ತಾನಾಗೇ ಮನಸ್ಸಲ್ಲಿ ಕೂರುತ್ತದೆ.

ಚೀಟಿ ಕೈಕೊಡುವುದು ಕನ್ವರ್ಷನ್‌ನಲ್ಲಿ, ಅಂದರೆ ಒಂದು ವಸ್ತುವಿನಿಂದ ಇನ್ನೊಂದನ್ನು ಮಾಡಿ ಅನ್ನುವ ಪ್ರಶ್ನೆಗಳಲ್ಲಿ. ಬೆಂಜೀನ್‌ನಿಂದ ಫೀನಾಲ್ ಮಾಡಿ ಅಂದರೆ ಬಿಡಿ ರಿಯಾಕ್ಷನ್ ಸಾಲದು, ಪೂರ್ತಿ ದಾರಿ ಬೇಕು. ಅಲ್ಲಿ ಖಾಲಿ ಹಾಳೆಯೇ ಗತಿ. ಪುಸ್ತಕ ಮುಚ್ಚಿಟ್ಟು ಕೊನೆಯಿಂದ ಹಿಂದಕ್ಕೆ ಬರಬೇಕು. ಫೀನಾಲ್ ಎಲ್ಲಿಂದ ಬಂತು? ಡಯಜೋನಿಯಂ ಲವಣವನ್ನು ನೀರಿನ ಜೊತೆ ಬಿಸಿ ಮಾಡಿದಾಗ. ಆ ಲವಣ? ಅನಿಲೀನ್‌ಗೆ ಸೋಡಿಯಂ ನೈಟ್ರೈಟ್, ಎಚ್‌ಸಿಎಲ್, 273ರಿಂದ 278 ಕೆಲ್ವಿನ್. ಅನಿಲೀನ್? ನೈಟ್ರೋಬೆಂಜೀನ್‌ಗೆ ತವರ, ಎಚ್‌ಸಿಎಲ್. ಅದು ಬೆಂಜೀನ್‌ನ ನೈಟ್ರೇಷನ್‌ನಿಂದ. ದಾರಿ ಸಿಕ್ಕಿತು ಅಲ್ವಾ? ಕೈ ಎಲ್ಲಿ ನಿಲ್ಲುತ್ತದೋ ಆ ರಿಯಾಕ್ಷನ್‌ಗೆ ಮರುದಿನ ಒಂದು ಹೊಸ ಚೀಟಿ.

ಇದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತದೆ, ಮೊದಮೊದಲು ಬೇಜಾರೂ ಆಗುತ್ತದೆ. ಆದರೂ ನನ್ನ ಓಟು ಖಾಲಿ ಹಾಳೆಗೇ. ಈ ಸಲ ತಂಗಿ ಪರೀಕ್ಷೆಗೆ ಕೂರುತ್ತಿದ್ದಾಳೆ. ಚಾರ್ಟ್ ಬೇಡ ಅಂತ ನಾನು ಹೇಳಿಲ್ಲ. ಬರೆದು ಮಡಚಿಡು, ನಾಲ್ಕು ದಿನ ಬಿಟ್ಟು ನೋಡದೇ ಮತ್ತೆ ಬರಿ ಅಂದಿದ್ದೇನೆ. ಬಯೋಮಾಲಿಕ್ಯೂಲ್ಸ್‌ಗೆ ಮಾತ್ರ ಇದ್ಯಾವುದೂ ಬೇಕಿಲ್ಲ. ಪಠ್ಯಪುಸ್ತಕ ನಿಧಾನವಾಗಿ ಓದಿ, ಹಳೆ ಪ್ರಶ್ನೆಪತ್ರಿಕೆ ಬಿಡಿಸಿದರೆ ಸಾಕು.