50% ಎಂದರೆ ಎಷ್ಟು? ಲಿನಕ್ಸ್‌ನ ಮೂರು ಸೌಂಡ್ ಕಮಾಂಡ್‌ಗಳ ಹೋಲಿಕೆ

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಡೆಸ್ಕ್‌ಟಾಪ್ ಇಲ್ಲ, ಕಿಟಕಿಗಳನ್ನು ಜೋಡಿಸುವ ಬರೀ ಒಂದು ವಿಂಡೋ ಮ್ಯಾನೇಜರ್ ಇದೆ. ಹಾಗಾಗಿ ವಾಲ್ಯೂಮ್ ಕೀ ಒತ್ತಿದರೆ ಏನಾಗಬೇಕು ಅನ್ನುವುದನ್ನೂ ನಾನೇ ಹೇಳಿಕೊಡಬೇಕು. ಒಂದೇ ಒಂದು ಸಾಲಿನ ಕೆಲಸ. ಆ ಸಾಲಿಗೆ ಯಾವ ಕಮಾಂಡ್ ಹಾಕಲಿ ಎಂದು ಎರಡು ತಿಂಗಳು ಮೂರನ್ನೂ ಬದಲಿಸಿ ಬದಲಿಸಿ ನೋಡಿದೆ. ಸೌಂಡ್ ಕಾರ್ಡ್ ನಡೆಸುವ ಲಿನಕ್ಸ್ ಪದರವಾದ ಆಲ್ಸಾದ ಎಮಿಕ್ಸರ್ (amixer), ಅದರ ಮೇಲೆ ಕೂತು ಆಪ್‌ಗಳ ಶಬ್ದವನ್ನು ಹಂಚುವ ಸೌಂಡ್ ಸರ್ವರ್ ಪಲ್ಸ್‌ಆಡಿಯೊ ಕಾಲದ ಪಿಎ-ಸಿಟಿಎಲ್ (pactl), ಹೊಸ ಸರ್ವರ್ ಪೈಪ್‌ವೈರ್ ಬಂದ ಮೇಲೆ ಅದರ ಸಹಾಯಕ ವೈರ್‌ಪ್ಲಂಬರ್ ಜೊತೆ ಸಿಗುವ ಡಬ್ಲ್ಯೂಪಿ-ಸಿಟಿಎಲ್ (wpctl).

ಮೊದಲ ದಿನವೇ ತಲೆ ಕೆಟ್ಟಿತು. ಮಾಸ್ಟರನ್ನು, ಅಂದರೆ ಕಾರ್ಡಿನ ಮುಖ್ಯ ವಾಲ್ಯೂಮನ್ನು, 50% ಮಾಡು ಎಂದು ಎಮಿಕ್ಸರ್‌ಗೆ ಹೇಳಿದೆ. ಮಾಡಿತು, ಮಾಡಿ 51% ಎಂದು ವರದಿ ಕೊಟ್ಟಿತು. ಸುಳ್ಳೇನಲ್ಲ. ನನ್ನ ಕಾರ್ಡಿನ ಮಾಸ್ಟರ್‌ಗೆ 0ಯಿಂದ 87ರವರೆಗೆ ಮೆಟ್ಟಿಲುಗಳಿವೆ, ಒಂದೊಂದು ಮೆಟ್ಟಿಲು 0.75 ಡೆಸಿಬೆಲ್. ಅದರ ಅರ್ಧ 43.5. ಅಂಥ ಮೆಟ್ಟಿಲೇ ಇಲ್ಲವಲ್ಲ, 44ಕ್ಕೆ ಹತ್ತಿ ನಿಂತಿತು. ಅಲ್ಲಿ ಮಟ್ಟ ಮೈನಸ್ 32.25 ಡೆಸಿಬೆಲ್, ಅಂದರೆ ಪೂರ್ತಿ ದನಿಗಿಂತ ಅಷ್ಟು ಕೆಳಗೆ. ಕಿವಿಗೆ ಅದು ಅರ್ಧ ಅಲ್ಲವೇ ಅಲ್ಲ, ಪಿಸುಮಾತು. ತಮಾಷೆ ಏನೆಂದರೆ, ಆಗಲೇ ಪಕ್ಕದ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದರೆ ಅದೇ ಮಾಸ್ಟರ್ 23 ಎಂದು ತೋರಿಸುತ್ತದೆ! ಎರಡೂ ಒಂದೇ ಪ್ಯಾಕೇಜಿನಲ್ಲಿ ಬರುವ ಅಣ್ಣತಮ್ಮಂದಿರು. ಒಬ್ಬ ಮೆಟ್ಟಿಲು ಎಣಿಸುತ್ತಾನೆ, ಇನ್ನೊಬ್ಬ ಕಿವಿಯ ಲೆಕ್ಕಕ್ಕೆ ಬದಲಿಸಿ ಹೇಳುತ್ತಾನೆ. ಎಮಿಕ್ಸರ್‌ಗೂ ದೊಡ್ಡಕ್ಷರದ 'ಎಂ' (-M) ಆಯ್ಕೆ ಕೊಟ್ಟರೆ ಕಿವಿಯ ಲೆಕ್ಕ ಬರುತ್ತದೆ. ಹಳೇ ಸ್ಕ್ರಿಪ್ಟುಗಳು ಕೆಡಬಾರದು ಎಂದು ಹಾಗೆ ಬಿಟ್ಟಿರಬಹುದು. ಆದರೂ ಹೊಸಬರು ಆ 'ಎಂ' ಅನ್ನು ಹುಡುಕುವುದು ಮೂರು ಸಲ ಮೋಸ ಹೋದ ಮೇಲೆಯೇ.

ಪಿಎ-ಸಿಟಿಎಲ್‌ನಲ್ಲಿ ಅದೇ 50% ಹಾಕಿದರೆ ಮೈನಸ್ 18.06 ಡೆಸಿಬೆಲ್. ಅದು ಸಂಖ್ಯೆಯ ಘನ ತೆಗೆಯುತ್ತದೆ. ಅರ್ಧದ ಅರ್ಧದ ಅರ್ಧ, ಅಂದರೆ ಎಂಟನೇ ಒಂದು ಪಾಲು. ಕಿವಿಗೆ ಹೌದೆನ್ನಿಸುವ ಅರ್ಧ ಇದು. ಇನ್ನೂ ಇಷ್ಟವಾದದ್ದು, ಮೂರು ಲೆಕ್ಕವನ್ನೂ ಒಂದೇ ಸಾಲಿನಲ್ಲಿ ಮುಂದಿಡುತ್ತದೆ: 32768 (ಇದರಲ್ಲಿ ಪೂರ್ತಿ ಎಂದರೆ 65536), 50%, ಮೈನಸ್ 18.06. ಯಾವುದು ಬೇಕೋ ತಗೊಳ್ಳಿ. ಡಬ್ಲ್ಯೂಪಿ-ಸಿಟಿಎಲ್ ಕೂಡ ಅದೇ ಘನದ ಲೆಕ್ಕವನ್ನೇ ಹಿಡಿದಿದೆ, ಆದರೆ ತೋರಿಸುವುದು 0.50 ಎಂದು. ಅದಕ್ಕೆ 1 ಎಂದರೆ ಪೂರ್ತಿ. % ಚಿಹ್ನೆ ಮರೆತು ಸುಮ್ನೆ 50 ಎಂದು ಹೊಡೆದರೆ ನೀವು ಕೇಳುತ್ತಿರುವುದು ಅರ್ಧ ಅಲ್ಲ, ಐವತ್ತು ಪಟ್ಟು. ಹೆಡ್‌ಫೋನ್ ಹಾಕಿಕೊಂಡು ಈ ಪ್ರಯೋಗ ಮಾಡಬೇಡಿ.

ಜಾಸ್ತಿ ಮಾಡು, ಕಡಿಮೆ ಮಾಡು ಎಂದು ಹೇಳುವ ರೀತಿಯಲ್ಲಿ ಮಾತ್ರ ಎಮಿಕ್ಸರ್ ಗೆದ್ದಿದೆ. ಅದರಲ್ಲಿ ಚಿಹ್ನೆ ಕೊನೆಗೆ ಬರುತ್ತದೆ: 5%+, 5%-. ಪಿಎ-ಸಿಟಿಎಲ್‌ನಲ್ಲಿ ಚಿಹ್ನೆ ಮೊದಲು. ಮೈನಸ್‌ನಿಂದ ಶುರುವಾದದ್ದನ್ನೆಲ್ಲ ಕಮಾಂಡ್ ಲೈನ್ ಒಂದು ಆಯ್ಕೆ ಎಂದೇ ಓದುತ್ತದೆ ಅಲ್ವಾ, ಅದಕ್ಕೇ ಹಳೇ ಆವೃತ್ತಿಗಳಲ್ಲಿ ದನಿ ಇಳಿಸಲು ಎರಡು ಮೈನಸ್‌ಗಳ (--) ತಡೆಗೋಡೆ ಹಾಕಬೇಕಿತ್ತು. ಡಬ್ಲ್ಯೂಪಿ-ಸಿಟಿಎಲ್ ಚಿಹ್ನೆಯನ್ನು ಮತ್ತೆ ಕೊನೆಗೇ ತಂದಿದೆ. ಜೊತೆಗೆ ಮಿತಿ ಹಾಕುವ 'ಎಲ್' (-l) ಆಯ್ಕೆಯನ್ನೂ ಕೊಟ್ಟಿದೆ. ಅದಕ್ಕೆ 1.0 ಕೊಟ್ಟರೆ ಕೀಯನ್ನು ಎಷ್ಟು ಒತ್ತಿದರೂ 100% ದಾಟುವುದಿಲ್ಲ. ಪಿಎ-ಸಿಟಿಎಲ್‌ಗೆ ಆ ಕಡಿವಾಣ ಇಲ್ಲ, 100 ಆದಮೇಲೆ 105, 110 ಎಂದು ಹೋಗುತ್ತಲೇ ಇರುತ್ತದೆ.

ಯಾವ ಸಾಧನಕ್ಕೆ ಹೇಳುತ್ತಿದ್ದೇವೆ ಎಂಬ ಪ್ರಶ್ನೆ ಬಂದಾಗ ಎಮಿಕ್ಸರ್ ಪೂರ್ತಿ ಹಿಂದೆ ಬೀಳುತ್ತದೆ. ನನ್ನ ಸ್ಕ್ರಿಪ್ಟಿನಲ್ಲಿ ಕಾರ್ಡ್ 0 ಎಂದು ಬರೆದಿದ್ದೆ. ಒಂದು ದಿನ ಯುಎಸ್‌ಬಿ ಹೆಡ್‌ಸೆಟ್ ಚುಚ್ಚಿಕೊಂಡೇ ಬೂಟ್ ಮಾಡಿದೆ, ಅದು 0 ಆಗಿ ಕೂತಿತು, ಲ್ಯಾಪ್‌ಟಾಪಿನದು 1ಕ್ಕೆ ಸರಿಯಿತು. ಸಂಖ್ಯೆಯ ಬದಲು ಕಾರ್ಡಿನ ಹೆಸರನ್ನೇ ಕೊಡಬಹುದು ಎಂಬುದು ಆಮೇಲೆ ತಿಳಿಯಿತು. ಉಳಿದೆರಡರಲ್ಲಿ ಈ ರಗಳೆ ಇಲ್ಲ. ಎರಡೂ ಕಡೆ @ ಚಿಹ್ನೆ ಇಟ್ಟು ಡೀಫಾಲ್ಟ್ ಸಿಂಕ್ (@DEFAULT_SINK@; ಸಿಂಕ್ ಎಂದರೆ ಶಬ್ದ ಹೊರಬರುವ ಸಾಧನ) ಎಂದು ಬರೆದರೆ ಮುಗಿಯಿತು, ಈಗ ಯಾವುದರಲ್ಲಿ ಹಾಡುತ್ತಿದೆಯೋ ಅದಕ್ಕೇ ಹೋಗುತ್ತದೆ. ಡೀಫಾಲ್ಟ್ ಬಿಟ್ಟು ಬೇರೆಯದು ಬೇಕೆಂದರೆ ಡಬ್ಲ್ಯೂಪಿ-ಸಿಟಿಎಲ್ ಒಂದು ಐಡಿ ಸಂಖ್ಯೆ ಕೇಳುತ್ತದೆ. ನಿನ್ನೆ 48 ಇದ್ದದ್ದು ಇವತ್ತು ಬೇರೆ ಏನೋ ಆಗಿರಬಹುದು. ಅದನ್ನು ಹುಡುಕಲು 'ಸ್ಟೇಟಸ್' ಕೊಟ್ಟರೆ ಚಂದದ ಮರದ ಚಿತ್ರ ಬರುತ್ತದೆ. ಕಣ್ಣಿಗೆ ಹಬ್ಬ, ಸ್ಕ್ರಿಪ್ಟಿಗೆ ಶಿಕ್ಷೆ. ಪಿಎ-ಸಿಟಿಎಲ್ 2022ರ 16ನೇ ಆವೃತ್ತಿಯಿಂದ ಕೇಳಿದರೆ ಸ್ಕ್ರಿಪ್ಟುಗಳು ಸುಲಭವಾಗಿ ಓದುವ ಜೇಸನ್ (JSON) ರೂಪದಲ್ಲೇ ಉತ್ತರ ಕೊಡುತ್ತದೆ, ಗೆರೆ ಕತ್ತರಿಸುತ್ತಾ ಕೂರಬೇಕಿಲ್ಲ.

ಇಷ್ಟು ನೋಡಿದ ಮೇಲೆ ಎಮಿಕ್ಸರನ್ನು ಕಿತ್ತೇ ಹಾಕಿದ್ದೆ. ಹದಿನೈದು ದಿನಕ್ಕೆ ವಾಪಸ್ ಕರೆಯಬೇಕಾಯಿತು. ಹೆಡ್‌ಫೋನ್ ತೆಗೆದೆ, ಸ್ಪೀಕರಿನಲ್ಲಿ ಶಬ್ದವೇ ಇಲ್ಲ. ಪಿಎ-ಸಿಟಿಎಲ್ ಕೇಳಿದರೆ 70%, ಮ್ಯೂಟ್ ಇಲ್ಲ. ಡಬ್ಲ್ಯೂಪಿ-ಸಿಟಿಎಲ್ ಕೇಳಿದರೆ 0.70. ಇಬ್ಬರೂ ಎಲ್ಲ ಸರಿಯಿದೆ ಅನ್ನುತ್ತಾರೆ. ಎಮಿಕ್ಸರ್ ಕೇಳಿದರೆ ಅದೂ ಹಾಗೇ ಅಂದಿತು! ಕಾರಣ, ಕಾರ್ಡ್ ಯಾವುದೆಂದು ಹೇಳದಿದ್ದರೆ ನನ್ನ ಸಿಸ್ಟಮ್‌ನಲ್ಲಿ ಅದು ಮಾತಾಡುವುದು ಹಾರ್ಡ್‌ವೇರ್ ಜೊತೆ ಅಲ್ಲ, ಸೌಂಡ್ ಸರ್ವರ್ ಜೊತೆ. 87 ಮೆಟ್ಟಿಲಿನ ಜಾಗದಲ್ಲಿ ಸರ್ವರ್‌ನ ಲೆಕ್ಕದ 65536 ಕಂಡಾಗ ಹೊಳೆಯಿತು. ಕಾರ್ಡಿನ ಹೆಸರು ಕೊಟ್ಟು ಮತ್ತೆ ಕೇಳಿದೆ. ಮಾಸ್ಟರ್ ಆನ್, ಹೆಡ್‌ಫೋನ್ ಆನ್, ಸ್ಪೀಕರ್ ಆಫ್. ಹೆಡ್‌ಫೋನ್ ಚುಚ್ಚಿದರೆ ಸ್ಪೀಕರನ್ನು ತಾನೇ ಮುಚ್ಚುವ ಆಟೋ-ಮ್ಯೂಟ್ ಜೊತೆ ಹಿಂದಿನ ದಿನ ನಾನೇ ಆಟ ಆಡಿದ್ದೆ. ಸ್ಪೀಕರ್, ಆಟೋ-ಮ್ಯೂಟ್ ಇವುಗಳ ಹೆಸರು ಹಿಡಿದು ಕರೆಯಲು ಉಳಿದೆರಡಕ್ಕೆ ಬರುವುದೇ ಇಲ್ಲ.

ಅಂದರೆ ನಾನು ಎರಡು ತಿಂಗಳು ಹೋಲಿಸಿದ್ದು ಒಂದೇ ನಲ್ಲಿಯ ಮೂರು ತಿರುಪುಗಳನ್ನಲ್ಲ. ಸೌಂಡ್ ಸರ್ವರ್ ಮನೆಯೊಳಗಿನ ನಲ್ಲಿ, ಕಾರ್ಡ್ ಬೀದಿಯ ವಾಲ್ವ್. ಬೀದಿಯಲ್ಲಿ ನೀರು ನಿಂತಿದ್ದರೆ ಮನೆಯ ನಲ್ಲಿ ಪೂರ್ತಿ ತೆರೆದೇ ಇರುತ್ತದೆ, ಹನಿ ಬರುವುದಿಲ್ಲ. ಇದನ್ನು ಮೂರರಲ್ಲಿ ಒಂದೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು.

ಈಗ ಕೀಗಳಿಗೆ ಡಬ್ಲ್ಯೂಪಿ-ಸಿಟಿಎಲ್ ಕಟ್ಟಿದ್ದೇನೆ, 1.0 ಮಿತಿಯೊಂದಿಗೆ. ಪಟ್ಟಿ ಬೇಕಾದಾಗ ಪಿಎ-ಸಿಟಿಎಲ್. ಎಮಿಕ್ಸರ್ ಇರುವುದು ದುರಸ್ತಿಗೆ. ಅದು ಸರಿಮಾಡಿದ್ದನ್ನು ಆಲ್ಸಾ-ಸಿಟಿಎಲ್ ಸ್ಟೋರ್ ಕಮಾಂಡಿನಿಂದ ಉಳಿಸಿಕೊಳ್ಳುತ್ತೇನೆ. ಸ್ಕ್ರಿಪ್ಟಿಗೆ ಒಂದು ಹೊಸ ಚಾಳಿ ಕಲಿಸಿದ್ದೇನೆ. ಕೀ ಒತ್ತಿದಾಗಲೆಲ್ಲ ಎರಡು ಸಾಲು ತೋರಿಸುತ್ತದೆ, ಮೇಲೆ ಸರ್ವರ್ ಎಷ್ಟರಲ್ಲಿದೆ, ಕೆಳಗೆ ಕಾರ್ಡಿನಲ್ಲಿ ಯಾವುದು ಆನ್, ಯಾವುದು ಆಫ್. ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಆಲ್ಸಾ ಕಡೆ ಅದಕ್ಕೆ ಕಾರ್ಡೇ ಇರುವುದಿಲ್ಲ. ಆಗ ಕೆಳಗಿನ ಸಾಲಿನಲ್ಲಿ 'ಕಾರ್ಡ್ ಇಲ್ಲ' ಎಂದು ಬರುತ್ತದೆ. ಮೊದಲ ಸಲ ಅದನ್ನು ನೋಡಿ ನಾನೇ ಗಾಬರಿಯಾಗಿ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ್ದೆ.