ಕಾರ್ಬನ್ ಪ್ರತಿಯ ಬಿಲ್ ಪುಸ್ತಕ: ಒಬ್ಬರೇ ನಡೆಸುವ ವೃತ್ತಿಗೆ ಸಾಕೇ?

ಒಳಾಂಗಣ ವಿನ್ಯಾಸದ ಕೆಲಸವನ್ನು ಯಾವ ಸಿಬ್ಬಂದಿಯೂ ಇಲ್ಲದೆ ಸ್ವತಂತ್ರವಾಗಿ ಮಾಡುವ ನನಗೆ, ತಿಂಗಳು ತಿಂಗಳು ಶುಲ್ಕ ಕೇಳುವ ಬಿಲ್ಲಿಂಗ್ ತಂತ್ರಾಂಶಕ್ಕಿಂತ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕಾರ್ಬನ್ ಪ್ರತಿಯ ಬಿಲ್ ಪುಸ್ತಕವೇ ಹೆಚ್ಚು ಒಗ್ಗಿದೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ತೆರಿಗೆಯ ಹತ್ತಾರು ಕಾಲಂಗಳಿಲ್ಲದ ಈ ಸಾದಾ ಹಾಳೆ ಧಾರಾಳವಾಯಿತು. ಕ್ರಮಸಂಖ್ಯೆ ಮೊದಲೇ ಅಚ್ಚಾಗಿರುವುದು ವರ್ಷಾಂತ್ಯದ ಲೆಕ್ಕಕ್ಕೆ ದೊಡ್ಡ ಅನುಕೂಲ. ‘ಅಡುಗೆಮನೆಯ ಕಪಾಟು, ಎರಡನೇ ಕಂತು’ ಎಂದು ಕೈಯಾರೆ ಬರೆದು, ಸಿಂಕಿನ ಪಕ್ಕದ ಪ್ಲೈವುಡ್ಡಿಗೆ ನೀರು ತಾಗದಂತೆ ನೋಡಿಕೊಳ್ಳಿ ಎಂದು ಕೆಳಗೊಂದು ಸಾಲು ಸೇರಿಸಿ ಕೊಟ್ಟರೆ, ಮನೆಯವರು ಅದನ್ನು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಯುಪಿಐ ಮೂಲಕ ಹಣವೂ ಬಹುಮಟ್ಟಿಗೆ ಅಲ್ಲೇ ಬರುತ್ತದೆ.

ಕೊರತೆಗಳಿಲ್ಲವೆಂದಲ್ಲ. ಕಾರ್ಬನ್ ಹಾಳೆ ಸವೆದಂತೆ ಅಡಿಪ್ರತಿ ಮಸುಕಾಗುತ್ತದೆ, ಬೈಂಡಿಂಗ್ ಅರ್ಧಕ್ಕೇ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಪ್ರತಿ ಬಿಲ್ಲಿನ ಫೋಟೊ ತೆಗೆದಿಡುವುದು ಅನಿವಾರ್ಯ. ಮೂಲದಲ್ಲೇ ತೆರಿಗೆ ಕಡಿತ ಮಾಡುವ ಕಂಪನಿಗಳಿಗೆ ಪ್ಯಾನ್ ಸಂಖ್ಯೆ ಬೇಕು, ಅದಕ್ಕೆ ಇದರಲ್ಲಿ ಜಾಗವೇ ಇಲ್ಲದ ಕಾರಣ (ಯಾಕೆ ಬಿಟ್ಟಿದ್ದಾರೋ!) ರಬ್ಬರ್ ಮೊಹರು ಮಾಡಿಸಿಕೊಳ್ಳಬೇಕಾಯಿತು. ಮನೆಗಳ ಕೆಲಸವೇ ಹೆಚ್ಚಿರುವವರು ನಿಶ್ಚಿಂತೆಯಿಂದ ಕೊಳ್ಳಬಹುದು. ಕಂಪನಿಗಳನ್ನೇ ನಂಬಿಕೊಂಡವರಿಗೆ ಇದು ಹೊಂದುವುದಿಲ್ಲ.