ಮಜ್ಜಿಗೆ ಹುಲ್ಲಿನ ಹೆಸರಿನಲ್ಲಿ ಸಿಟ್ರೊನೆಲ್ಲಾ: ಗಿಡ ಕೊಳ್ಳುವವರು ಗಮನಿಸಿ

ಅಡುಗೆಗೆಂದು ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಗಿಡವನ್ನು ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಬೇಕು. ಸೊಳ್ಳೆ ಓಡಿಸುವ ಎಣ್ಣೆಗಾಗಿ ಬೆಳೆಸುವ ಸಿಟ್ರೊನೆಲ್ಲಾ ಹುಲ್ಲನ್ನು ಲೆಮನ್‌ಗ್ರಾಸ್ ಎಂಬ ಚೀಟಿಯೊಂದಿಗೆ ನಗರದಂಚಿನ ನರ್ಸರಿಯೊಂದು ನಮಗೆ ಮಾರಿತು. ಕಷಾಯಕ್ಕೂ ಮಜ್ಜಿಗೆಗೂ ಹಾಕಬಹುದೇ ಎಂದು ನಾನು ಕೇಳಿಯೇ ಕೊಂಡಿದ್ದೆ; "ಧಾರಾಳವಾಗಿ ಹಾಕಿ ಮೇಡಂ, ಇದು ಅಡುಗೆಯದ್ದೇ" ಎಂದು ಮಾಲೀಕರು ಭರವಸೆ ಕೊಟ್ಟಿದ್ದರು.

ಮಳೆಗಾಲದಲ್ಲಿ ಗಿಡ ಹುಲುಸಾದ ಮೇಲೆ ಎಲೆ ಕೊಯ್ದು, ಶುಂಠಿ, ಕಾಳುಮೆಣಸು, ಬೆಲ್ಲದೊಂದಿಗೆ ಕುದಿಸಿದೆವು. ಪಾತ್ರೆಯಿಂದೆದ್ದ ಹಬೆಯಲ್ಲಿ ನಿಂಬೆಸಿಪ್ಪೆಯ ಪರಿಮಳವಿರಲಿಲ್ಲ, ನೆಲ ಒರೆಸುವ ದ್ರಾವಣದ ಘಾಟಿತ್ತು. ಬೆಲ್ಲ ಹೆಚ್ಚಿಸಿದರೂ ಕಹಿ ಹೋಗಲಿಲ್ಲ, ಮತ್ತು ಅರ್ಧ ಲೋಟ ಕುಡಿದ ಅತ್ತೆಯವರಿಗೆ ಸಂಜೆಯವರೆಗೂ ಹೊಟ್ಟೆ ತೊಳೆಸುತ್ತಲೇ ಇತ್ತು. ನರ್ಸರಿಗೆ ಹೋಗಿ ಹೇಳಿದರೆ, ಎರಡೂ ಒಂದೇ ಎಂಬ ಉತ್ತರ ಬಂತು. ಚೀಟಿಯನ್ನು ಬದಲಿಸಲೂ ಅವರು ಒಪ್ಪಲಿಲ್ಲ. ವಯಸ್ಸಾದವರು ಕುಡಿಯುವ ವಸ್ತುವಿನ ವಿಷಯದಲ್ಲಿ ಇಂತಹ ಅಸಡ್ಡೆಯನ್ನು ನಾನು ಕ್ಷಮಿಸಲಾರೆ.

ಎರಡೂ ಸಿಂಬೊಪೊಗಾನ್ ಕುಲಕ್ಕೆ ಸೇರಿದವು ಎಂಬುದು ನಿಜವಾದರೂ, ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ನಿಂಬೆಯ ಪರಿಮಳ ಕೊಡುವ ಸಿಟ್ರಾಲ್ ಪ್ರಧಾನವಾಗಿದ್ದರೆ, ಸಿಟ್ರೊನೆಲ್ಲಾದಲ್ಲಿ ಸಿಟ್ರೊನೆಲ್ಲಾಲ್ ಮತ್ತು ಜೆರಾನಿಯಾಲ್ ಹೆಚ್ಚಾಗಿರುತ್ತವೆ. ಸಾಬೂನು, ಸೊಳ್ಳೆ ಎಣ್ಣೆಗಳ ವಾಸನೆ ಅವುಗಳದೇ. ತೀರ್ಥಹಳ್ಳಿಯ ನಾದಿನಿಯ ಮನೆಯಿಂದ ತಂದ ಬುಡವನ್ನು ಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೂ ಕಂಡಿತು: ಅಡುಗೆಯ ಹುಲ್ಲಿನ ಬುಡ ಬೆಳ್ಳಗೆ ದಪ್ಪಗಿತ್ತು, ನರ್ಸರಿಯದು ಕೆಂಪು ಛಾಯೆಯದಾಗಿತ್ತು. ಆದರೆ ಎಣ್ಣೆಗಾಗಿ ಬೆಳೆಸುವ, ಕೇರಳದ ಕಡೆ ಹೆಚ್ಚಾಗಿರುವ ಮಜ್ಜಿಗೆ ಹುಲ್ಲಿನ ಇನ್ನೊಂದು ಜಾತಿಯ ಬುಡವೂ ಕೆಂಪಾಗಿರುವುದರಿಂದ ಬಣ್ಣವೊಂದನ್ನೇ ನಂಬಬಾರದು. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡುವುದೇ ಹೆಚ್ಚು ಭರವಸೆಯ ದಾರಿ.

ಅಡುಗೆಯ ಜಾತಿ ಹೂ ಬಿಡುವುದು ಅಪರೂಪವಾದ್ದರಿಂದ ಅದನ್ನು ಬುಡ ಬಿಡಿಸಿಯೇ ನೆಡುತ್ತಾರೆ. ಹಾಗಾಗಿ ದಿನವೂ ಅದನ್ನು ಬಳಸುವ ಮನೆಯಿಂದ ಒಂದು ತೆಂಡೆ ಕೇಳಿ ತರುವುದು ಮೇಲು. ಸಿಟ್ರೊನೆಲ್ಲಾ ಈಗಾಗಲೇ ಕೈತೋಟದಲ್ಲಿದ್ದರೆ ಅದನ್ನು ಅಡುಗೆಯ ಹುಲ್ಲಿನಿಂದ ದೂರ ನೆಡಿ. ತೆಂಡೆ ಹೊಡೆದು ಎರಡೂ ಬೆರೆತುಕೊಂಡರೆ ಎಲೆ ಕೊಯ್ಯುವವರಿಗೆ ಗುರುತು ಸಿಗುವುದಿಲ್ಲ.